ಲಟಕ್ ಅನ್ನುವ ಕುತ್ತಿಗೆಗಳು

ಸೇಡಂನ ಸಣ್ಣದೊಂದು ದವಾಖಾನೆಯಲ್ಲಿ ನಾನು ನರ್ಸ್ ಆಗಿ ಹದಿನಾಲ್ಕು ವರ್ಷವಾಯಿತು. ಜ್ವರ, ಕೆಮ್ಮು ಅಂತ ಬಂದವರು ನೆನಪಿರುವುದಿಲ್ಲ. ಕುತ್ತಿಗೆ ಲಟಕ್ ಅನ್ನುತ್ತದೆ ಎಂದು ಬಂದವರು ಮಾತ್ರ ಏನಾದರೊಂದು ನಗೆ ಬಿಟ್ಟೇ ಹೋಗುತ್ತಾರೆ. ನಮ್ಮ ಡಾಕ್ಟರ್ ಮೇಡಂ ಎಲ್ಲರಿಗೂ ಅವೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ಒಂದು ದಿನವೂ ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ.

೧. ಮಾಸ್ತರರ ಎಕ್ಸ್‌ರೇ

ಶಹಾಬಾದಿನಿಂದ ನಿವೃತ್ತ ಮಾಸ್ತರರೊಬ್ಬರು ಬಂದರು. "ಕುತ್ತಿಗಿ ಹೊಳ್ಳಿಸಿದ್ರ ಸಪ್ಪಳಾ ಬರ್ತದ್ರಿ. ಎಲುಬು ಸವದಾವ ಅನಸ್ತದ."

"ನೋವು ಅದ ಏನ್ರಿ?" ಮೇಡಂ ಕೇಳಿದರು.

"ಇಲ್ರಿ."

"ಎಲ್ಯರ ಬಿದ್ದಿದ್ರಿ? ಕೈ ಜುಮುಜುಮು? ನಡಿಯೋವಾಗ ಜೋಲಿ ಹೋಗೋದು?"

"ಯಾವ್ದೂ ಇಲ್ರಿ."

"ಹಂಗಾದ್ರ ಫಿಕರ್ ಬಿಡ್ರಿ. ಕೀಲಿನಾಗಿನ ಗಾಳಿಗುಳ್ಳಿಗೂ ಸಪ್ಪಳಾ ಬರ್ತದ. ಬೇಕಂತ ತಿರುವಿ ಲಟಕ್ ಅನಸಬ್ಯಾಡ್ರಿ, ಅಷ್ಟ."

ಮಾಸ್ತರರು ಒಪ್ಪಲಿಲ್ಲ, ಎಕ್ಸ್‌ರೇ ಬೇಕೇ ಬೇಕು ಎಂದು ಕೂತರು. ಮೇಡಂ ಸುಮ್ಮನೆ ತಮ್ಮ ತಲೆ ಹೊರಳಿಸಿದರು. ಲಟಕ್! ಬಾಗಿಲಲ್ಲಿದ್ದ ನನಗೂ ಕೇಳಿಸಿತು.

ಮಾಸ್ತರರು ಗಾಬರಿಯಿಂದ ಎದ್ದು ನಿಂತರು. "ಮೇಡಂ, ಮೊದಲ ನಿಮ್ದು ತಗಸ್ರಿ. ನಾ ಹೊರಗ ಕುಂದರ್ತೀನಿ."

೨. ಅತ್ತೆಯ ಸಪ್ಪಳ

ವಾಡಿಯ ಅತ್ತೆ ಸೊಸೆ. ಸಪ್ಪಳ ಅತ್ತೆಯದು. ಮೇಡಂ ನಾಲ್ಕೂ ಪ್ರಶ್ನೆ ಕೇಳಿ, ಏನೂ ಇಲ್ಲ ಅಂದರು. ಅತ್ತೆ ಹೊರಗೆ ಹೋದ ಮೇಲೆ ಸೊಸೆ ಹಿಂದೆ ಉಳಿದಳು.

"ಅದು ನಿಲ್ಲಲಿಕ್ಕೆ ಔಷಧ ಕೊಡಂಗಿಲ್ಲಲ್ರಿ?"

"ಬೇಕಾಗಿಲ್ಲವ್ವ."

"ಭಾಳ ಚಲೋ ಆತ್ರಿ. ಅತ್ತಿ ಅಡಿಗಿಮನಿ ಕಡೆ ಹೊಳ್ಳಿದ್ರ ನನಗ ಮೊದಲೇ ಗೊತ್ತಾಗ್ತದ. ಮೊಬೈಲ್ ಕೆಳಗ ಇಡ್ತೀನ್ರಿ."

೩. ಕಟಿಂಗ್ ಅಂಗಡಿ

ಚಿತ್ತಾಪುರದಲ್ಲಿ ಕಟಿಂಗ್ ಮುಗಿದ ಮೇಲೆ ಗಿರಾಕಿಯ ಕುತ್ತಿಗೆ ಹಿಡಿದು ಜೋರಾಗಿ ತಿರುವುವವನೊಬ್ಬನಿದ್ದ. ಮೇಡಂ ತಾವೇ ಅಂಗಡಿಗೆ ಹೋಗಿ, ಹಂಗೆ ತಿರುವಿದರೆ ರಕ್ತನಾಳಕ್ಕೆ, ನರಕ್ಕೆ ಪೆಟ್ಟಾಗಬಹುದು ಎಂದು ತಿಳಿಸಿ ಹೇಳಿದರು. ಅವನು ಅವತ್ತೇ ಬಿಟ್ಟ. ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಒಳಗಿನಿಂದ ಲಟಕ್ ಲಟಕ್! ಮೇಡಂ ಸಿಟ್ಟಿನಿಂದ ನುಗ್ಗಿದರು.

ಅವನು ಗಿರಾಕಿಯ ಕಿವಿಯ ಹಿಂದೆ ತನ್ನ ಬೆರಳಿನ ನೆಟಿಕೆ ಮುರಿಯುತ್ತಿದ್ದ. "ಕುತ್ತಿಗಿ ಮುಟ್ಟಿಲ್ರಿ ಮೇಡಂ," ಅಂದ ಮೆಲ್ಲಗೆ. "ಸಪ್ಪಳಾ ಕೇಳದಿದ್ರ ಇವ್ರು ಕುರ್ಚಿ ಬಿಟ್ಟು ಏಳಂಗಿಲ್ರಿ."

೪. ಟೇಲರ್ ತೆಗೆದುಕೊಂಡ ಅಳತೆ

ಚಿಂಚೋಳಿಯ ಟೇಲರ್ ಒಬ್ಬರು ಹೆಂಡತಿಯ ಕೆಮ್ಮು ತೋರಿಸಲು ಬಂದಿದ್ದರು. ಎದ್ದು ಹೊರಡುವಾಗ, "ನನ್ನ ಕುತ್ತಿಗಿನೂ ಲಟಕ್ ಅಂತದ, ನೋವೇನಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಮೇಡಂ ನಗಲಿಲ್ಲ. ಅವರ ಕಣ್ಣು ಟೇಲರರ ಅಂಗಿಯ ಮೇಲಿತ್ತು. ಗುಂಡಿಗಳು ತಪ್ಪು ತಪ್ಪು ಕಾಜಾ ತೂತುಗಳಲ್ಲಿದ್ದವು.

"ಗುಂಡಿ ಬಿಚ್ಚಿ ಮತ್ತ ಹಾಕ್ರಿ."

ಊರಿನ ಅರ್ಧ ಮಂದಿಯ ಬಟ್ಟೆ ಹೊಲಿದ ಬೆರಳುಗಳು ಒಂದು ಗುಂಡಿಗೆ ಒದ್ದಾಡಿದವು. ಎರಡು ತಿಂಗಳಿನಿಂದ ಸೂಜಿ ಕೈಯಿಂದ ಜಾರಲಿಕತ್ತದ ಎಂದು ಆಗ ಹೆಂಡತಿ ಹೇಳಿದರು. ಮೇಡಂ ಟೇಲರರ ಕೈ ಹಿಡಿದು ಶಕ್ತಿ ನೋಡಿದರು, ನಡೆಸಿ ನೋಡಿದರು.

"ಇವತ್ತೇ ಕಲಬುರಗಿಗೆ ಹೋಗ್ರಿ. ಸ್ಕ್ಯಾನ್ ಆಗಬೇಕು."

"ಮದವಿ ಸೀಜನ್ ಅದರಿ."

"ಕೈ ಹೋದ ಮ್ಯಾಲ ಸೀಜನ್ ತಗೊಂಡು ಏನ್ ಮಾಡ್ತೀರಿ?" ಎನ್ನುತ್ತಲೇ ಅಲ್ಲಿನ ಡಾಕ್ಟರಿಗೆ ಫೋನ್ ಹಚ್ಚಿದರು.

ಕುತ್ತಿಗೆಯೊಳಗೆ ಬೆನ್ನುಹುರಿ ಒತ್ತಿಕೊಂಡಿತ್ತು. ಆಪರೇಷನ್ ಆಯಿತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಆ ವಾರವೆಲ್ಲ ನನಗೆ ನನ್ನ ನಗೆಯೇ ಚುಚ್ಚುತ್ತಿತ್ತು.

ಆರು ತಿಂಗಳಿಗೆ ಅದೇ ಟೇಲರ್ ಮೇಡಂಗೆ ಹೊಸ ಬಿಳಿ ಕೋಟು ಹೊಲಿದುಕೊಂಡು ಬಂದರು. ಹಾಕಿಕೊಂಡರೆ ಹೇಳಿ ಹೊಲಿಸಿದ ಹಾಗೆ ಕೂತಿತು. ಮೇಡಂ ಬೆರಗಾಗಿ, "ಅಳತಿ ಯಾವಾಗ ತಗೊಂಡ್ರಿ?" ಅಂದರು.

"ಅವತ್ತ ನೀವು ಗಾಬರ್ಯಾಗಿ ನನ್ನ ಕೈ ನೋಡಾಕತ್ತಿದ್ರಲ್ರಿ? ನಾನೂ ಗಾಬರ್ಯಾಗಿದ್ದೆ. ನಿಮ್ಮ ಹಳೇ ಕೋಟಿನ ತೋಳು ಎರಡು ಬೆರಳು ಉದ್ದ ಇತ್ರಿ!"