ಟವೆಲ್ಲಿನ ಕೆಳಗಿನ ವ್ಯಾಪಾರ

ಮಾತು ಕಡಿಮೆ ಮಾಡಬೇಕು ಎಂದು ಯಾರಾದರೂ ಉಪದೇಶಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಿ ಮುಚ್ಚಿಕೊಂಡು ವ್ಯವಹಾರ ಮಾಡಿದರೆ ಏನಾಗುತ್ತದೆಂದು ಎಪ್ಪತ್ತರ ದಶಕದಲ್ಲೇ ಸಿಂದಗಿಯ ದನದ ಸಂತೆಯಲ್ಲಿ ಕಲಿತವನು ನಾನು. ನಮ್ಮ ಜೋಡೆತ್ತಿನಲ್ಲಿ ಒಂದು ಸತ್ತು ಕರಿಯ ಒಂಟಿಯಾಗಿದ್ದ. ಹಿಂಗಾರಿ ಬಿತ್ತನೆ ತಲೆಯ ಮೇಲೆ ಬಂದಿತ್ತು. ಕಾಲು ಮುರಿದುಕೊಂಡು ಮಲಗಿದ್ದ ಅಪ್ಪ, "ಕರಿಯನ್ನ ಹೊಡಕೊಂಡು ಹೋಗು. ಎತ್ತರಕ್ಕ ಎತ್ತರ ಸರಿ ನೋಡಿ ಜೋಡಿ ತೊಗೊಂಡು ಬಾ. ಬಿತ್ತಿಗಿ ತಪ್ಪಿತಂದ್ರ ವರ್ಷಾನ ಹೋತು" ಎಂದು ಕಳಿಸಿದ್ದ.

ಸಂತೆಯಲ್ಲಿ ದೇವಣಗಾಂವದ ಅಜ್ಜರೊಬ್ಬರು ಬಿಳಿ ಎತ್ತು ಹಿಡಿದು ನಿಂತಿದ್ದರು. ಕರಿಯನ ಪಕ್ಕ ನಿಲ್ಲಿಸಿದರೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

"ಛಲೋ ಜೋಡಿ ಆಗ್ತಾವ ನೋಡು ತಮ್ಮಾ. ವ್ಯಾಪಾರ ಮಾಡೂಣೇನು?" ಎಂದರು.

"ಅದಕ್ಕ ಬಂದೇನ್ರಿ ಅಜ್ಜಾರ."

ಎಲ್ಲಿಂದಲೋ ಓಡಿಬಂದ ದಲ್ಲಾಳಿ ನಮ್ಮಿಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿದ. ಇನ್ನು ರೇಟನ್ನು ಬಾಯಿಂದ ಹೇಳುವಂತಿಲ್ಲ, ಬೆರಳು ಹಿಡಿದೇ ಹೇಳಬೇಕು. ಅದು ಸಂತೆಯ ಪದ್ಧತಿ. ಅಜ್ಜ ನನ್ನ ಬೆರಳು ಹಿಡಿದರು. ಹೆಚ್ಚಾಯಿತೆಂದು ತಲೆ ಅಲ್ಲಾಡಿಸಿದೆ. ಅವರು ಇನ್ನೊಂದು ಬೆರಳು ಸೇರಿಸಿದರು. ಮತ್ತೆ ತಲೆ ಅಲ್ಲಾಡಿಸಿದೆ, ಮತ್ತೊಂದು ಬೆರಳು. ಬೇಡವೆಂದಷ್ಟೂ ಏರಿಸುವ ಇಂಥ ದುರಾಸೆಯ ಮುದುಕನನ್ನು ನಾನು ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಆದರೆ ಯಂಕಂಚಿಯವನೊಬ್ಬ ಆಗಲೇ ಬಿಳಿ ಎತ್ತಿನ ಹಲ್ಲು ನೋಡತೊಡಗಿದ್ದ. ನಾನು ಕೈ ಬಿಟ್ಟರೆ ಎತ್ತು ಹೋಯಿತು, ಬಿತ್ತನೆಯೂ ಹೋಯಿತು. ಹಾಳಾಗಿ ಹೋಗಲಿ ಎಂದು ಹೂಂ ಅಂದೆ.

"ಆತು" ಎಂದು ದಲ್ಲಾಳಿ ಟವೆಲ್ ಎಳೆದ. ನಾನು ಅಂಗಿಯ ಒಳಜೇಬಿಗೆ ಕೈ ಹಾಕುವ ಮೊದಲೇ ಅಜ್ಜ ನೋಟು ತೆಗೆದು ನನ್ನ ಕೈಯಲ್ಲಿಟ್ಟು, ಕರಿಯನ ಹಗ್ಗ ಹಿಡಿದರು.

"ಅಜ್ಜಾರ, ನಾ ಮಾರಾಕ ಬಂದಿಲ್ರಿ. ಕೊಳ್ಳಾಕ ಬಂದೇನಿ."

"ನಾನೂ ಕೊಳ್ಳಾಕ ಬಂದೇನಲ್ಲೋ ತಮ್ಮಾ. ನೀ ಒಲ್ಲೆ ಅಂದಾಂಗ ನಾ ಏರಿಸ್ಕೋತ ಹ್ವಾದೆ."

"ಕೈ ಬಿಟ್ಟ ಮ್ಯಾಲೆ ಮಾತಿಲ್ಲ" ಎಂದ ದಲ್ಲಾಳಿ. ಕರಿಯ ಒಮ್ಮೆಯೂ ತಿರುಗಿ ನೋಡದೆ ಬಿಳಿ ಎತ್ತಿನ ಜೊತೆ ಹೊರಟೇಬಿಟ್ಟ. ನನಗೆ ಅಳು ಬಂತು.

ಮನೆಗೆ ಬಂದು ಎಲ್ಲ ಹೇಳಿ ನಿಂತೆ. ಅಪ್ಪ ನೋಟುಗಳ ಕಡೆ ಕಣ್ಣೆತ್ತಲಿಲ್ಲ. ಖಾಲಿ ಗೂಟ ನೋಡಿದ, ನನ್ನನ್ನು ನೋಡಿದ.

"ಕರಿಯನ್ನ ಒಬ್ಬನ್ನ ಕಳಿಸಿದ್ರ ಆಗ್ತಿತ್ತು" ಎಂದ.

ಆ ಸಲ ಊರಿಗೆಲ್ಲ ಕೊನೆಯಲ್ಲಿ, ಬೇಡಿ ತಂದ ಎತ್ತುಗಳಿಂದ ನಮ್ಮ ಹೊಲ ಬಿತ್ತಿದೆವು. ಅಪ್ಪನ ಮಾತನ್ನು ಮಾತ್ರ ಸುಳ್ಳೆನ್ನಲಾರೆ. ಜೋಡಿ ಹುಡುಕಲು ಸಂತೆಗೆ ಹೋದ ನಮ್ಮಿಬ್ಬರಲ್ಲಿ ಕೆಲಸ ಮುಗಿಸಿಕೊಂಡವನು ಕರಿಯನೇ.