ಕಬಡ್ಡಿ ಹುಡುಗಿಯ ಅಳವಿ ಉಂಡಿ

ನಾನು ಯಾವ ಊರಿಗೆ ಹೋದರೂ ಊಟದ ಫಜೀತಿಯೊಂದು ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ. ಹನ್ನೊಂದು ದೇಶಗಳಲ್ಲಿ ಸಿಕ್ಕಿದ್ದನ್ನೆಲ್ಲ ತಿಂದು, ಎಲ್ಲೂ ಎರಡು ವರ್ಷ ಕಾಲೂರದೆ, ಈಗ ಗೋಕಾಕಿನಲ್ಲಿ ಹದಿಹರೆಯದ ಮಕ್ಕಳ ಆರೋಗ್ಯ ಸಲಹೆಗಾರ್ತಿಯಾಗಿದ್ದೇನೆ. ಕೆಲಸ ಇಷ್ಟೇ: ಸ್ಕೂಟರ್ ಹತ್ತಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಶಾಲೆಗಳಿಗೆ, ಇಲ್ಲಿಯವರ ಬಾಯಲ್ಲಿ ಸಾಲಿಗಳಿಗೆ, ಹೋಗಿ "ಏನು ತಿಂದ್ರಿ?" ಎಂದು ಕೇಳುವುದು. ಇಷ್ಟು ಸಣ್ಣ ಪ್ರಶ್ನೆಯಿಂದ ನನ್ನ ಚಹಾ ಹೋಗುತ್ತದೆ, ಅಂಪೈರ್ ಒಬ್ಬರ ಮಾನವೂ ಹೋಗುತ್ತದೆ ಎಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

೧. ಹಲಗೆಯ ಮೇಲಿನ ಊಟ

ಮೂಡಲಗಿ ಕಡೆಯ ಒಂದು ಹೈಸ್ಕೂಲು. ಒಂಬತ್ತನೇ ತರಗತಿಯ ಹುಡುಗಿಯರಿಗೆ, ನಿನ್ನೆ ತಿಂದದ್ದನ್ನು ಚೀಟಿಯಲ್ಲಿ ಬರೆದುಕೊಡಿ ಎಂದೆ. ಮೂವತ್ತು ಚೀಟಿ ಬಂದವು. ಇಪ್ಪತ್ತೊಂಬತ್ತರಲ್ಲಿ ಒಂದೇ ಊಟ: "ರೊಟ್ಟಿ, ಕಾಳುಪಲ್ಯೆ, ಹಾಲು, ಬಾಳೆಹಣ್ಣು." ಸಾಲಿಯ ಮರ್ಯಾದೆ ಉಳಿಸಲು ವಿಜ್ಞಾನದ ಅಕ್ಕಾರು, ಅಂದರೆ ಟೀಚರು, ಮೊದಲೇ ಹಲಗೆಯ ಮೇಲೆ ಉತ್ತರ ಬರೆದು, ನಾನು ಬರುವಷ್ಟರಲ್ಲಿ ಒರೆಸಿದ್ದರು.

ಮೂವತ್ತನೆಯ ಚೀಟಿ ಮಾತ್ರ ಖರೆ ಹೇಳುತ್ತಿತ್ತು: "ಮುಂಜಾನೆ ಚಾ, ಖಾರಿ ಬಿಸ್ಕೀಟು. ಮಧ್ಯಾಹ್ನ ಚಿಪ್ಸ್ ಪಾಕೀಟು. ಸಂಜಿಗೆ ಚಾ, ಭಡಂಗ ಚುರಮರಿ. ರಾತ್ರಿ ಹಸಿವು ಇರಲಿಲ್ಲ."

"ಇದು ಯಾರದವಾ?" ಎಂದೆ. ಉದ್ದ ಕಾಲಿನ, ಬಿಳಿಚಿದ ಮುಖದ ಹುಡುಗಿ ಎದ್ದು ನಿಂತಳು.

"ನೀ ಯಾಕ ಹಲಗಿ ನೋಡಿ ಬರೀಲಿಲ್ಲ?"

"ಎಲ್ಲಾರೂ ಬರಕೊಳ್ಳೂ ಹೊತ್ತಿನ್ಯಾಗ ನಾ ಕಬಡ್ಡಿ ಅಂಕಣದಾಗ ಬಿದ್ದಿದ್ನಿರಿ ಅಕ್ಕಾರ. ತಲಿ ಗರ್ರ್ ಅಂತು."

ಅವಳೇ ತಂಡದ ಜೀವಾಳ. ಇನ್ನೆರಡು ತಿಂಗಳಿಗೆ ಹುಕ್ಕೇರಿಯಲ್ಲಿ ಕಬಡ್ಡಿ ಫೈನಲ್. ಆಸ್ಪತ್ರೆಯ ಡಾಕ್ಟರಮ್ಮ ರಕ್ತ ನೋಡಿ, ಹಿಮೋಗ್ಲೋಬಿನ್ ಎಂಟು ಐತಿ, ಹತ್ತು ಆಗೂತನಕ ಅಂಕಣಕ್ಕ ಇಳಸಬ್ಯಾಡ್ರಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಹುಡುಗಿ ಅಳಲಿಲ್ಲ, ತನ್ನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಪಿ.ಟಿ. ಮಾಸ್ತರರಂತೂ ಉಳಿದ ಎರಡನ್ನು ನಾನೇ ಕುಡಿದುಬಿಟ್ಟೆನೇನೋ ಎಂಬಂತೆ ನನ್ನನ್ನು ನೋಡಿದರು.

೨. ಖಾಲಿ ಇದ್ದ ವಾರ

"ಸಾಲಿಯಾಗ ವಾರಕ್ಕೊಂದು ಕಬ್ಬಿಣದ ಗುಳಿಗಿ ಕೊಡ್ತಾರಲ್ಲ, ನುಂಗಿಲ್ಲೇನು?" ಎಂದು ಹುಡುಗಿಯನ್ನು ಕೇಳಿದೆ. ಅವಳು ಕಂಪಾಸ್ ಪೆಟ್ಟಿಗೆ ತೆಗೆದಳು. ಗುಳಿಗೆಗಳು ಗಲಗಲ ಎಂದವು.

"ಊಟ ಆದ ಮ್ಯಾಲೆ ನುಂಗ್ರಿ ಅಂದಾರ. ಕೊಡೂದು ಸೋಮವಾರ. ಸೋಮವಾರ ನಮ್ಮ ಉಪಾಸ. ಊಟನ ಇಲ್ಲಂದ್ರ ಊಟ ಆದ ಮ್ಯಾಲೆ ಅನ್ನೂದು ಯಾವಾಗ ಬರ್ತೈತ್ರಿ?"

ಉಳಿದವರೂ ಪೆಟ್ಟಿಗೆ ಅಲ್ಲಾಡಿಸಿ ನೋಡೋಣ ಎಂದೆ. ಅರ್ಧ ತರಗತಿಯ ಕಂಪಾಸ್ ಪೆಟ್ಟಿಗೆಗಳು ಹಾಗೇ ಗಲಗಲ ಅಂದವು. ಮುಖ್ಯಗುರುಗಳನ್ನು ಕರೆಸಿ, ಬೇರೆ ವಾರ ಗೊತ್ತುಮಾಡೋಣ, ಆ ದಿನ ಉಪವಾಸ ಇರುವವರು ಕೈ ಎತ್ತಿ ಎಂದೆ. ಮಂಗಳವಾರ ಎಂದರೆ ಯಲ್ಲಮ್ಮನ ಐದು ಕೈ ಎದ್ದವು. ಗುರುವಾರ ಗುರುಗಳ ನಾಲ್ಕು, ಶುಕ್ರವಾರ ಲಕ್ಷ್ಮಿಯ ಆರು, ಶನಿವಾರ ಹನುಮಪ್ಪನ ಮೂರು. ಬುಧವಾರಕ್ಕೆ ಒಂದೂ ಏಳಲಿಲ್ಲ. ಮುಖ್ಯಗುರುಗಳು ರಜಿಸ್ಟರಿನಲ್ಲಿ ಗಂಭೀರವಾಗಿ ಬರೆದರು: "ಬುಧವಾರದಂದು ಯಾವ ದೇವರಿಂದಲೂ ತಕರಾರು ಬಂದಿರುವುದಿಲ್ಲ."

೩. ಮೂರನೇ ಕಪ್

ಕಬಡ್ಡಿ ಹುಡುಗಿಗೆ ಮಾತ್ರ ಡಾಕ್ಟರಮ್ಮ ದಿನಾ ನುಂಗುವ ಗುಳಿಗೆ ಕೊಟ್ಟಿದ್ದರು. ಹದಿನೈದು ದಿನವಾದರೂ ಮುಖದ ಮೇಲೆ ಕಳೆ ಬರಲಿಲ್ಲ. ಮನೆಗೇ ಹೋದೆ. ಅಡುಗೆಮನೆಯ ಯಜಮಾನಿಕೆ ಅವಳ ಆಯಿಯದು, ಅಂದರೆ ಅಜ್ಜಿಯದು.

"ಗುಳಿಗಿ ತಪ್ಪಿಸಿಲ್ರಿ ಅಕ್ಕಾರ," ಎಂದಳು ಆಯಿ. "ನೀರಾಗ ನುಂಗಿದ್ರ ವಾಕರಿಕಿ ಬರ್ತೈತಿ ಅಂತ ಬಿಸಿ ಚಾದಾಗ ಕೊಡಾಕತ್ತೇನಿ."

ಊಟದ ಹೊತ್ತಿಗೆ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ, ಗುಳಿಗೆಯನ್ನು ಲಿಂಬೆ ಶರಬತ್ತಿನ ಜೊತೆ ಕೊಡಬೇಕು, ಚಹಾ ಎಂಬುದೊಂದು ಚಟ ಎಂದೆಲ್ಲ ಅರ್ಧ ತಾಸು ಬಡಕೊಂಡೆ. ಆಯಿ ತಲೆದೂಗುತ್ತ ಕೇಳಿ, ಕೊನೆಗೆ, "ಖರೆ ಐತ್ರಿ. ನಿಮ್ಮ ಕೈಯಾಗಿಂದು ಎಷ್ಟನೇ ಕಪ್ರಿ ಅಕ್ಕಾರ?" ಎಂದಳು.

ಮೂರನೆಯದು.

"ನೀವೂ ಬಿಡ್ರಿ, ನಾನೂ ಬಿಡ್ತೇನಿ, ಆಕಿನೂ ಬಿಡ್ತಾಳ. ಫೈನಲ್ ಮುಗಿಯೂಮಟ ಮೂರೂ ಮಂದಿ ಬಂದ್."

ಮರುಭೂಮಿ ದಾಟುವಾಗಲೂ ಚಹಾ ಬಿಟ್ಟವಳಲ್ಲ ನಾನು. ಒಬ್ಬ ಮುದುಕಿಯ ಒಂದು ಪ್ರಶ್ನೆಗೆ ಬಿಟ್ಟೆ.

೪. ಡಬ್ಬಿಯ ಮಹಿಮೆ

ಆಯಿ ಅಷ್ಟಕ್ಕೇ ನಿಲ್ಲಲಿಲ್ಲ. ಕಬ್ಬಿಣದ ಅಂಶ ತುಂಬಿದ ಅಳವಿ ಬೀಜ, ಬೆಲ್ಲ, ಒಣಕೊಬ್ಬರಿ, ತುಪ್ಪ ಹಾಕಿ ಉಂಡಿ ಕಟ್ಟಿ ಸಾಲಿಗೆ ಕಳಿಸಿದಳು. ಈ ಕಡೆ ಅಳವಿ ಉಂಡಿ ಎಂದರೆ ಹೆತ್ತ ಹೆಣ್ಣುಮಕ್ಕಳ ತಿನಿಸು. ಡಬ್ಬಿ ತೆರೆದದ್ದೇ ತಡ, ಗೆಳತಿಯರು "ತೊಟ್ಟಿಲ ಯಾವಾಗ ಕಟ್ಟೂದ ಗೆಳತಿ?" ಎಂದು ಶುರು ಮಾಡಿದರು. ಹುಡುಗಿ ಮೂರು ದಿನ ಉಂಡಿಗಳನ್ನು ಸಾಲಿಯ ಹಿಂದಿನ ನಾಯಿಗೆ ಹಾಕಿದಳು. ನಾಯಿಯ ಮೈಮೇಲೆ ಕಳೆ ಬಂತು.

ನನ್ನ ಬಳಿ ಜಾರ್ಜಿಯಾ ದೇಶದಿಂದ ತಂದ ತಗಡಿನ ಡಬ್ಬಿಯೊಂದಿತ್ತು, ಮೈತುಂಬ ಜಿಲೇಬಿ ತುಣುಕುಗಳಂಥ ಅಕ್ಷರ. ಒಳಗಿದ್ದದ್ದು ಚಹಾಪುಡಿ, ಹೇಗೂ ಈಗ ಬೇಡವಾಗಿತ್ತು. ತೊಳೆದು ಅವಳಿಗೆ ಕೊಟ್ಟೆ. ಮರುದಿನ ಅವಳು ಗೆಳತಿಯರಿಗೆ ಹೇಳಿದ್ದು ಒಂದೇ ಮಾತು: "ಫಾರಿನ್ ಎನರ್ಜಿ ಬಾಲ್ ಐತಿ. ಯಾರಿಗೂ ಕೊಡಂಗಿಲ್ಲ."

ವಾರದೊಳಗೆ ಇಡೀ ತಂಡಕ್ಕೆ ಅದೇ ಬೇಕಾಯಿತು. ಆಯಿ ದಿನಕ್ಕೆ ನಲವತ್ತು ಉಂಡಿ ಕಟ್ಟುತ್ತ, "ಇಷ್ಟ ಮಂದಿ ಬಾಣಂತ್ಯಾರ್ನ ನಾ ಜನ್ಮದಾಗ ಸಂಬಾಳಿಸಿರಲಿಲ್ಲ" ಎಂದಳು.

೫. ರಿಸಲ್ಟ್

ಫೈನಲ್‌ಗೆ ನಾಲ್ಕು ದಿನ ಮುಂಚೆ ಮತ್ತೆ ರಕ್ತ ಪರೀಕ್ಷೆ. ಹುಡುಗಿ ಕಣ್ಣು ಮುಚ್ಚಿದ್ದಳು, ಮಾಸ್ತರರು ಗೋಡೆಗೆ ಮುಖ ಮಾಡಿದ್ದರು. ಡಾಕ್ಟರಮ್ಮ ಚೀಟಿ ನೋಡಿ, "ಹತ್ತೂವರಿ!" ಎಂದರು. ಮಾಸ್ತರರು ಕುಣಿದರು, ನಾನೂ ಕುಣಿದೆ. ಆಯಿ ಮಾತ್ರ ನೆಲಕ್ಕೆ ಕೂತು ಹಣೆ ಹಣೆ ಬಡಕೊಂಡಳು:

"ಇಷ್ಟೆಲ್ಲಾ ತಿನಸೇನಿ, ನೂರಕ್ಕ ಹತ್ತೂವರಿ? ನಾಪಾಸಾದ್ಲಲ್ರಿ ನನ್ನ ಮೊಮ್ಮಗಳು!"

೬. ತಪಾಸಣೆ

ಹುಕ್ಕೇರಿ ಮೈದಾನ. ಆಯಿಯೂ ನಮ್ಮ ಜೊತೆ ಬಂದಿದ್ದಳು. ಟೆಂಪೋ ಘೋಡಗೇರಿ ದಾಟುವಾಗಲೇ ಹುಡುಗಿಯರು ಕೂಗಿ ಕೂಗಿ ಗಂಟಲು ಹರಕೊಂಡಿದ್ದರು. ಮೊದಲರ್ಧದಲ್ಲಿ ನಮ್ಮ ಹುಡುಗಿ ಉಸಿರು ಬಿಡದೆ ದಾಳಿ ಮಾಡಿ ಎದುರಿನವರ ಅರ್ಧ ತಂಡವನ್ನು ಹೊರಗೆ ಕೂರಿಸಿದಳು. ವಿರಾಮದಲ್ಲಿ ಎಲ್ಲರೂ ಡಬ್ಬಿಗೆ ಕೈ ಹಾಕಿದರು. ಅಷ್ಟರಲ್ಲಿ ಎದುರು ತಂಡದ ಮಾಸ್ತರರು ಓಡಿಬಂದರು.

"ಸರ್, ಇವ್ರು ಫಾರಿನ್ ಔಷಧ ತಿನ್ನಾಕತ್ತಾರ! ಡಬ್ಬಿ ಮ್ಯಾಲ ಏನ ಬರದೈತಿ ನೋಡ್ರಿ!"

ಅಂಪೈರ್ ಸಾಹೇಬರು ಡಬ್ಬಿಯನ್ನು ತಲೆಕೆಳಗು ಮಾಡಿ ಓದಿದರು, ನೆಟ್ಟಗೆ ಮಾಡಿ ಓದಿದರು. ಎರಡೂ ಒಂದೇ. ಔಷಧವೆಂದು ತೀರ್ಮಾನವಾದರೆ ಹುಡುಗಿ ಆಟದಿಂದಲೇ ಹೊರಗೆ. ಅವಳು ಮತ್ತೆ ಬೂಟಿನ ಲೇಸು ಬಿಚ್ಚಿದಳು. ನಾನು ಬಾಯಿ ತೆರೆಯುವ ಮೊದಲೇ ಅಂಪೈರ್ ಒಂದು ಉಂಡಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. "ಖಾತ್ರಿ ಆಗವಲ್ದು," ಎಂದು ಎರಡನೆಯದು ತೆಗೆದರು. ದೂರು ಕೊಟ್ಟ ಮಾಸ್ತರರು ತಾವೂ ನೋಡಬೇಕು ಎಂದು ಎರಡು ತಿಂದರು. ಅಂಕ ಬರೆಯುವವರು ಒಂದು ತಿಂದರು. ಡಬ್ಬಿ ಖಾಲಿ.

"ಬೆಲ್ಲ ಐತ್ರಿ. ತುಪ್ಪ ಐತಿ. ಔಷಧ ಇಲ್ಲ. ಆಟ ಮುಂದುವರೀಲಿ!" ಎಂದು ಅಂಪೈರ್ ಬಾಯಿ ಒರೆಸಿಕೊಂಡರು.

ಹುಡುಗಿ ಲೇಸು ಬಿಗಿದಳು. ಎರಡನೇ ಅರ್ಧದಲ್ಲಿ ಎದುರಿನವರು ಚೇತರಿಸಿಕೊಂಡು, ಕೊನೆಯ ದಾಳಿಯ ಹೊತ್ತಿಗೆ ನಾವು ಒಂದು ಅಂಕ ಹಿಂದಿದ್ದೆವು. ಅವಳು ಇಬ್ಬರನ್ನು ಮುಟ್ಟಿ, ಮೂರನೆಯವಳ ಹಿಡಿತದಿಂದ ಕಾಲು ಕಿತ್ತು, ಬೆರಳ ತುದಿ ಗೆರೆಗೆ ತಾಗಿಸಿಯೇ ಬಿಟ್ಟಳು. ಗೆದ್ದೆವು! ಮಾಸ್ತರರು ಯಾರನ್ನು ಎತ್ತಬೇಕೆಂದು ತಿಳಿಯದೆ ನೀರಿನ ಕೊಡವನ್ನೇ ಎತ್ತಿಕೊಂಡು ಕುಣಿದರು.

ಆ ಗದ್ದಲದಲ್ಲೇ ಆಯಿ ಸೆರಗು ಸಿಕ್ಕಿಸಿಕೊಂಡು ಸೀದಾ ಅಂಪೈರ್ ಎದುರು ಹೋಗಿ ನಿಂತಳು.

"ಸಾಹೇಬ್ರ, ನೀವು ತಿಂದದ್ದು ಬಾಣಂತಿ ಉಂಡಿ. ಇನ್ನ ನಲವತ್ತ ದಿನ ಹೊರಗ ತಿರಗಬ್ಯಾಡ್ರಿ, ತಣ್ಣೀರು ಮುಟ್ಟಬ್ಯಾಡ್ರಿ. ತಲಿಗಿ ಅರಿಬಿ ಕಟಗೋರಿ, ಗಾಳಿ ಹತ್ತೀತು."

ಮೈದಾನಕ್ಕೆ ಮೈದಾನವೇ ನಕ್ಕಿತು. ನಾನು ಒಂದೂವರೆ ತಿಂಗಳ ನಂತರದ ಮೊದಲ ಚಹಾ ಹಿಡಿದು ನಿಂತಿದ್ದೆ, ಅರ್ಧ ಕಪ್ ಸೀರೆಯ ಮೇಲೆ ಹೋಯಿತು. ಬಹುಮಾನ ಕೊಡುವ ಹೊತ್ತಿಗೆ ಬಿಸಿಲು ಏರಿತ್ತು. ಅಂಪೈರ್ ಸಾಹೇಬರು ಪಾಪ, ಬಿಸಿಲಿಗೆಂದೇ ಇರಬೇಕು, ತಲೆಯಿಂದ ಕಿವಿಯವರೆಗೆ ಟಾವೆಲ್ ಸುತ್ತಿಕೊಂಡು ವೇದಿಕೆ ಹತ್ತಿದರು.

ಮುಂದಿನ ಸಾಲಿನಿಂದ ಆಯಿ ಗಟ್ಟಿಯಾಗಿ ಹೇಳಿದಳು: "ಹಾಂ, ಶಾಣ್ಯಾ ಅದಾನ. ಕೂಸು ಎಲ್ಲೈತಿ ಕೇಳ್ರಿ!"