ಚಪ್ಪಾಳೆಯ ಯಜಮಾನಿಕೆ

ಹಾಡಲು ಬಾರದವನಿಗೂ ಸಂಗೀತದಲ್ಲಿ ಒಂದು ಹುದ್ದೆ ಸಿಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಸಿಂದಗಿಯಲ್ಲಿ ಎಲ್ಲಿ ಗಾಯನ ಸಭೆ ನಡೆದರೂ ಮೊದಲ ಸಾಲಿನ ಬಲತುದಿಯ ಕುರ್ಚಿ ನನ್ನದು. ನಾನು ಚಪ್ಪಾಳೆ ತಟ್ಟಿದರೆ ಸಭೆ ತಟ್ಟುತ್ತದೆ, ನಾನು ಸುಮ್ಮನಿದ್ದರೆ ಸಭೆಯೂ ಸುಮ್ಮನೆ. ಜಂಬ ಅನ್ನುತ್ತೀರಾ? ಹೌದು, ಜಂಬವೇ! ಜೀವಮಾನವಿಡೀ ಗಣಿತ ಕಲಿಸಿದಾಗಲೂ ಇಷ್ಟು ಜನ ನನ್ನ ಮಾತು ಕೇಳಿರಲಿಲ್ಲ.

ಮೊದಲು ನಮ್ಮವರು ಹೀಗಿರಲಿಲ್ಲ. ತಬಲಾದವರು ಸುತ್ತಿಗೆಯಿಂದ ಕುಟ್ಟಿ ಶ್ರುತಿ ಸೇರಿಸಿದ್ದನ್ನೇ ಮೊದಲ ಹಾಡೆಂದು ತಿಳಿದು ಭರ್ಜರಿ ಚಪ್ಪಾಳೆ ಹೊಡೆದ ಮಂದಿ. ಅಂದು ಎದ್ದು ನಿಂತು ಗದರಿಸಿದೆ. ಗೊಬ್ಬರದ ಅಂಗಡಿಯ ನನ್ನ ಗೆಳೆಯ ಮಲ್ಲನಗೌಡ, "ಹಂಗಾದ್ರ ಯಾವಾಗ ಹೊಡೀಬೇಕ್ರಿ ಸರ? ನೀವು ಮೊದ್ಲ ಹೊಡೀರಿ, ನಾವು ಹಿಂದಿಂದ ಬರ್ತೇವಿ" ಎಂದ. ಅಂದಿನಿಂದ ಅದೇ ಪದ್ಧತಿ. ಆಮೇಲೆ ಇಂಡಿ, ಮುದ್ದೇಬಿಹಾಳದಿಂದಲೂ ನನಗೆ ಕರೆ ಬರತೊಡಗಿತು, ಹಾಡಲಿಕ್ಕಲ್ಲ, ಬರೀ ಕೂಡಲಿಕ್ಕೆ.

ಹೋದ ವರ್ಷ ನಮ್ಮೂರಲ್ಲಿ ನನ್ನ ಮಗಳು ಶಾಂತಾಳ ಮೊದಲ ಗಾಯನ. "ನಮ್ಮ ಮಂದಿ ಮೆಚ್ಚಿದ್ರ ಸಾಕಪ್ಪ. ಇಲ್ಲಾಂದ್ರ ನಾ ಮತ್ತ ವೇದಿಕಿ ಹತ್ತಂಗಿಲ್ಲ" ಎಂದಿದ್ದಳು. ಹತ್ತಿದಳು, ಹಾಡಿದಳು. ಏನು ಹಾಡಿದಳು ಅಂತೀರಿ! ನನ್ನ ಕಣ್ಣು ಮಂಜಾದವು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ? ಚಪ್ಪಾಳೆ ಬೇರೆಯವರು ಹೊಡೆಯಲಿ ಎಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತೆ.

ಹಾಡು ಮುಗಿಯಿತು. ಸಭೆ ಗಪ್ ಚಿಪ್! ತಿರುಗಿ ನೋಡಿದರೆ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದಾರೆ. ಮಲ್ಲನಗೌಡ ಹಿಂದಿನಿಂದ ಬಗ್ಗಿ, "ಇನ್ನೂ ಮುಗದಿಲ್ಲೇನ್ರಿ ಸರ?" ಎಂದು ಪಿಸುಗುಟ್ಟಿದ. ನಾನು ಕೈಗಳನ್ನು ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡೆ. ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದಳು. "ನಿಮ್ಮ ಕೈಗೇನು ಲಕ್ವಾ ಹೊಡದೈತೇನು? ಕೂಸು ಅಳಾಕತ್ತೈತಿ, ನೋಡ್ರಿ!"

ನೋಡಿದೆ. ಶಾಂತಾ ಮುಖ ಮರೆಮಾಡಿಕೊಳ್ಳಲು ನೀರಿನ ಲೋಟ ಎತ್ತಿ ಕುಡಿಯತೊಡಗಿದ್ದಳು. ಸಭ್ಯತೆ ಹಾಳಾಗಿ ಹೋಗಲಿ ಎಂದು ಎದ್ದು ನಿಂತು ಚಪ್ಪಾಳೆ ಹೊಡೆದೆ. ತಡೆದು ಕುಳಿತಿದ್ದ ಸಭೆ ಸೂರು ಹಾರುವಂತೆ ಹೊಡೆಯಿತು. ಮಗಳು ಬಾಯಲ್ಲಿ ನೀರಿಟ್ಟುಕೊಂಡೇ ನಕ್ಕಳು. ಮತ್ತೆ ಮೂರು ಹಾಡು ಹಾಡಿದಳು. ಈಗ ಅವಳಿಗೆ ಊರೂರಿನಿಂದ ಕರೆ ಬರುತ್ತದೆ, ಹಾಡಲಿಕ್ಕೇ.

ಅಂದು ಸಭೆ ಮುಗಿದು ಹೊರಗೆ ಬಂದಾಗ ಮಲ್ಲನಗೌಡ ನನ್ನನ್ನು ಹಿಡಿದುಕೊಂಡ. "ಹಾಡಿಗೆ ಹೊಡೀಲಿಲ್ಲ, ನೀರು ಕುಡದಿದ್ದಕ್ಕ ಹೊಡದ್ರಿ. ಅದರಾಗೇನೈತ್ರಿ ಸರ?"

ಗೊತ್ತಿಲ್ಲ ಎನ್ನಲು ಹುದ್ದೆ ಅಡ್ಡ ಬಂತು. "ಅದು ಭಾಳ ಹಳೇ ಪದ್ಧತಿ, ಗೌಡ್ರ. ತಿಳದಾವರು ಅಲ್ಲೇ ಹೊಡೀತಾರ" ಎಂದೆ.

ಮೊನ್ನೆ ಹೊರಗಿನಿಂದ ದೊಡ್ಡ ಗಾಯಕರೊಬ್ಬರು ಬಂದಿದ್ದರು. ಆಲಾಪದ ನಡುವೆ ಒಂದು ಗುಟುಕು ನೀರು ಕುಡಿದರು. ಇಡೀ ಸಿಂದಗಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವರು ಬೆಚ್ಚಿಬಿದ್ದು ಲೋಟ ಕೆಳಗಿಟ್ಟರು. ನಾನಿನ್ನೂ ಕುರ್ಚಿಯಲ್ಲೇ ಇದ್ದೆ. ಈ ಸಲ ಯಾರೂ ನನಗಾಗಿ ಕಾಯಲಿಲ್ಲ.